ಸಂತ ಜೋಸೆಫ್ ವಾಜರೂ ನಮ್ಮ ಸೀಮೆಯೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆನು. ದೇವಾಲಯದ ಕಟ್ಟಡ, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇವುಗಳನ್ನು ಕುರಿತು ನನಗಿಂತ ಬಲ್ಲವರು ಬರೆಯುತ್ತಿದ್ದಾರೆ. ಆದುದರಿಂದ ನಾನು ಸ್ವಲ್ಪ ದೂರದಿಂದಲೇ ಆರಂಭಿಸುತ್ತೇನೆ. ಓದುಗರು ಸಹಿಸಿಕೊಳ್ಳಬೇಕು.

ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾದುದು 1953ರಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಅಲ್ಲಲ್ಲಿ ಚದುರಿಕೊಂಡಿರುವ ನಮ್ಮ ಕುಟುಂಬಗಳವರು ತಮ್ಮ ಧರ್ಮಚರಿತ್ರೆಯು ಅಲ್ಲಿಂದಲೇ, ಅಥವಾ ಬಹಳವಾದರೆ ಬ್ರಿಟಿಷರ ದಂಡಿನ ಕಾಲದಿಂದ, ಮೊದಲಾಯಿತೆಂದು ತಿಳಿದಿರುವುದುಂಟು. ಆದರೆ ಹದಿನೇಳನೆಯ ಶತಮಾನದಲ್ಲಿ ರಾಯಬಾಗ ಮತ್ತು ಅಥಣಿ ವಿಜಾಪುರದ ಆದಿಲಶಾಹಿ ರಾಜ್ಯದ ಪೇಟೆಗಳಾಗಿದ್ದವು; ಆ ರಾಜ್ಯಕ್ಕೆ ರೋಮಿನಿಂದ 1637ರಲ್ಲಿಯೇ ಒಬ್ಬ ಧರ್ಮಾಧ್ಯಕ್ಷರು ನೇಮಕಗೊಂಡಿದ್ದರು. ಅವರು ಗೋವೆಯ ದಿವಾಡಿ ದ್ವೀಪದ ಮತೇವುಸ್ ದ ಕಾಸ್ತ್ರೊ. ಸ್ವದೇಶೀಯನೆಂಬ ಕಾರಣದಿಂದ ಗೋವೆಯಲ್ಲಿ ಗುರುಪಟ್ಟ ದೊರೆಯದೆ, ರೋಮಿಗೆ ಹೋಗಿ ಓದಿ, ಅಲ್ಲಿಯೇ ಗುರುಗಳಾಗಿ, ಕಡೆಗೆ ಧರ್ಮಾಧ್ಯಕ್ಷರೂ ಆದರು. ಪೂರ್ವದೇಶದ ಧರ್ಮಕಾರ್ಯವೆಲ್ಲ ತಮ್ಮ ಅರಸನ ಹಕ್ಕೆಂದು ಪೋರ್ಚುಗೀಸರು ವಾದಿಸುತ್ತಿದ್ದರು. ರೋಮಿನ ಧರ್ಮಪ್ರಚಾರ ಮಂಡಳಿಯು ಅದನ್ನು ಒಪ್ಪಲಿಲ್ಲ. ಈ ಜಗಳದಲ್ಲಿ ಕಾಸ್ತ್ರೊ ಅವರ ಆಯುಷ್ಯದ ಬಹುಭಾಗ ಸವೆದುಹೋಯಿತು. ಅವರಿಗಾದ ಅನ್ಯಾಯವು ದೊಡ್ಡದು. ಅವರ ಕೋಪವೂ ಸಣ್ಣದಾಗಿರಲಿಲ್ಲ.

ಇದೇ ಜಗಳವು ಮುಂದೆ ಕೆನರಾ ಕರಾವಳಿಗೂ ಇಳಿಯಿತು. ಅಲ್ಲಿ ಮತೇವುಸರ ಸಂಬಂಧಿ ತೋಮಸ್ ದ ಕಾಸ್ತ್ರೊ ರೋಮಿನ ಪ್ರತಿನಿಧಿಯಾದ ಧರ್ಮಾಧ್ಯಕ್ಷರಾಗಿದ್ದರು. ಗೋವೆಯವರು ಅವರ ಅಧಿಕಾರವನ್ನು ಮನ್ನಿಸಲಿಲ್ಲ. ಯಾರು ನೀಡಿದ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂದು ಬಡ ಭಕ್ತರು ತಬ್ಬಿಬ್ಬಾಗಿದ್ದ ಆ ವೇಳೆಯಲ್ಲಿ, 1681ರಲ್ಲಿ, ಗೋವೆಯಿಂದ ಮೂವತ್ತು ವರ್ಷದ ಗುರುವೊಬ್ಬರು ಬಂದರು. ಅವರೇ ಜೋಸೆಫ್ ವಾಜ್.

ಅವರು 1651ರ ಏಪ್ರಿಲ್ 21ರಂದು ಬಾಣಾವಲಿಯಲ್ಲಿ ಹುಟ್ಟಿ, 1676ರಲ್ಲಿ ಗುರುಪಟ್ಟ ಪಡೆದವರು. ಬಡವರು ಮೆಟ್ಟಿಲ್ಲದೆ ನಡೆಯುತ್ತಾರೆಂದು ತಾವೂ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ ಸಾಂಕವಾಳೆಯ ದೇವಾಲಯದಲ್ಲಿ ತಮ್ಮನ್ನು ದೇವಮಾತೆಯ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಅವರ ಮನಸ್ಸಿದ್ದುದು ಗುರುಗಳಿಲ್ಲದ ಸಿಂಹಳದ ಮೇಲೆ; ಹಿರಿಯರು ಕಳುಹಿಸಿದ್ದು ಕೆನರಾಕ್ಕೆ. ವಿಧೇಯರಾಗಿ ಬಂದ ಅವರು ತಮ್ಮನ್ನು ಕಳುಹಿಸಿದವರ ಪಕ್ಷ ಹಿಡಿದು ಹೋರಾಡಬಹುದಾಗಿತ್ತು. ಹಾಗೆ ಮಾಡದೆ ಧರ್ಮಾಧ್ಯಕ್ಷರನ್ನು ಕಂಡು, ಅವರ ಬಳಿಯಿದ್ದ ರೋಮಿನ ಆಜ್ಞಾಪತ್ರವನ್ನು ನೋಡಿ, ವಿವಾದವು ತೀರ್ಮಾನವಾಗುವವರೆಗೆ ಅವರಿಂದಲೂ ಅಧಿಕಾರ ಪಡೆದು ಸೇವೆ ಸಲ್ಲಿಸಿದರು. ಭಕ್ತರ ಮನಸ್ಸಿನ ಕಳವಳವು ತಗ್ಗಿತು. ಮಂಗಳೂರು, ಬಸರೂರು, ಕಲ್ಯಾಣಪುರ, ಗಂಗೊಳ್ಳಿಗಳ ಸುತ್ತ ನಡೆದು, ಮಕ್ಕಳಿಗೆ ಜ್ಞಾನೋಪದೇಶ ನೀಡಿ, 1684ರಲ್ಲಿ ಗೋವೆಗೆ ಹಿಂದಿರುಗಿದರು. ಆ ವಿವಾದದ ಕಾಗದಪತ್ರಗಳನ್ನು ಇಂದು ವಿದ್ವಾಂಸರಲ್ಲದೆ ಬೇರಾರೂ ಬಿಚ್ಚುವುದಿಲ್ಲ. ವಾಜರ ಹೆಸರನ್ನಾದರೋ ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಜನ ಇಂದಿಗೂ ಮೊಣಕಾಲೂರಿ ಕರೆಯುತ್ತಾರೆ.

1687ರಲ್ಲಿ ಅವರು ಸಿಂಹಳವನ್ನು ಸೇರಿದರು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದುದರಿಂದ ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಯ ಬಾಗಿಲಿಗೆ ಹೋದರು. ಆ ಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೋ ಅವರೇ ವಿಶ್ವಾಸಿಗಳೆಂದು ತಿಳಿಯುತ್ತಿದ್ದರು. 1692ರಲ್ಲಿ ಕ್ಯಾಂಡಿಯ ಅರಸನು ಗೂಢಚಾರನೆಂಬ ಶಂಕೆಯಿಂದ ಅವರನ್ನು ಸೆರೆಯಲ್ಲಿಟ್ಟಾಗ, ಅಲ್ಲಿಯೇ ಕುಳಿತು ಸಿಂಹಳ ಭಾಷೆಯನ್ನು ಕಲಿತರು.

ಇನ್ನು 1697ರ ಮಾತು. ಕ್ಯಾಂಡಿಯಲ್ಲಿ ಸಿಡುಬು ಹರಡಿತು. ನಮ್ಮ ಕಡೆಯ ಹಿರಿಯರು ದೇವಿ ಬೇನೆ ಎನ್ನುತ್ತಿದ್ದ ಆ ರೋಗದ ಭಯವು ಎಂತಹುದೆಂದು ಇಂದಿನ ಮಕ್ಕಳಿಗೆ ತಿಳಿಯದು. ಅರಸನು ಪಟ್ಟಣವನ್ನು ತೊರೆದನು, ಉಳ್ಳವರು ಹಿಂಬಾಲಿಸಿದರು, ರೋಗಿಗಳನ್ನು ಅವರ ಬಂಧುಗಳೇ ಕಾಡಿನಲ್ಲಿ ಬಿಟ್ಟು ನಡೆದರು. ವಾಜರೂ ಅವರ ಸೋದರಳಿಯರಾದ ಜೋಸೆಫ್ ಕಾರ್ವಾಲೊ ಸ್ವಾಮಿಯವರೂ ಅಲ್ಲಿಯೇ ನಿಂತರು. ಗುಡಿಸಲುಗಳನ್ನು ಹಾಕಿ, ಬಿದ್ದವರನ್ನು ಎತ್ತಿ ತಂದು, ಹುಣ್ಣು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಅವರ ಪ್ರಾರ್ಥನೆಯ ದೀರ್ಘತೆಯನ್ನು ಹೊಗಳಿ ಈ ಸೇವೆಯನ್ನು ಬೇರೊಂದು ಗುಣವೆಂಬಂತೆ ಕಡೆಯಲ್ಲಿ ಸೇರಿಸುವುದು ಉಪದೇಶಕರ ರೂಢಿ. ನನಗೆ ಅದು ಸರಿಯೆಂದು ತೋರುವುದಿಲ್ಲ. ರಾತ್ರಿ ದೇವರ ಮುಂದೆ ಮಂಡಿಯೂರಿದವರೇ ಹಗಲು ರೋಗಿಯ ಚಾಪೆಯ ಬಳಿಯೂ ಮಂಡಿಯೂರಿದ್ದರು.

ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅವರು ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೈವಾಧೀನರಾದರು. ಜಗದ್ಗುರು ಎರಡನೆಯ ಜಾನ್ ಪಾಲರು 1995ರಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ನಮ್ಮ ಸೀಮೆಯೂ ಇಂತಹ ದಿನಗಳನ್ನು ಕಾಣದೆ ಇಲ್ಲ. 1896ರಲ್ಲಿ ಮುಂಬಯಿಯಲ್ಲಿ ತೋರಿದ ಪ್ಲೇಗು ಮುಂದೆ ಬೆಳಗಾವಿ ಜಿಲ್ಲೆಗೂ ಹಬ್ಬಿ, ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಯಾರ ರೊಟ್ಟಿಯನ್ನು ಯಾರು ತಿಂದರೆಂದು ಯಾರೂ ಲೆಕ್ಕವಿಡಲಿಲ್ಲ. ಆದರೆ ನೀರು ಬೇರೆ, ಸೋಂಕು ಬೇರೆ. ನೀರಿಗೆ ಹೆದರಿದವರು ಒಂದೆಡೆ ಸೇರುತ್ತಾರೆ. ಸೋಂಕಿಗೆ ಹೆದರಿದವರು ದೂರ ಸರಿಯುತ್ತಾರೆ. 2021ರ ಬೇಸಿಗೆಯಲ್ಲಿ ನಾನೂ ಸರಿದವನೇ. ಆಗ ನಾನು ಸೇವೆಯಲ್ಲಿದ್ದ ಊರಿನಲ್ಲಿ, ಜ್ವರದಿಂದ ಮಲಗಿದ್ದ ಗಂಡನಿಗೆ ಅಂತ್ಯಾಭ್ಯಂಗ ನೀಡಬೇಕೆಂದು ಒಬ್ಬ ಹಿರಿಯ ತಾಯಿ ಹೇಳಿಕಳುಹಿಸಿದ್ದರು. ನನ್ನ ವಯಸ್ಸು, ಸರಕಾರದ ನಿಯಮ, ಇತರ ಭಕ್ತರ ಸುರಕ್ಷತೆ, ಎಲ್ಲವೂ ನನಗೆ ನೆನಪಾದವು. ನಾಳೆ ನೋಡೋಣವೆಂದೆನು. ನಾಳೆಯ ಹೊತ್ತಿಗೆ ಅವರು ತೀರಿಕೊಂಡಿದ್ದರು. ಸಂತ ವಾಜರ ಚರಿತ್ರೆಯನ್ನು ಗುರುಮಠದಲ್ಲಿ ಓದಿ, ಎಷ್ಟೋ ಜನವರಿಗಳಲ್ಲಿ ಅವರ ಮೇಲೆ ಪ್ರಸಂಗ ಮಾಡಿದ್ದವನು ನಾನು.

ಒಂದು ತಿಂಗಳ ಬಳಿಕ ಆ ಮನೆಗೆ ಹೋದೆನು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಆ ತಾಯಿ ಬಾಗಿಲು ತೆರೆದು, ಒಳಗೆ ಕರೆದು ಚಾಪೆ ಹಾಸಿ, ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಫಾದರ್, ನೀವು ಆರಾಮ ಇದ್ದೀರೇನ್ರಿ? ಭಾಳ ಸೊರಗೀರಿ."