ಐಗೂರಿನ ನಾಯಕನೂ ಟೀಪುವಿನ ಕರೆಯೂ

ಸಕಲೇಶಪುರದ ಸುತ್ತಣ ಬಲಂ ಸೀಮೆಯನ್ನಾಳುತ್ತಿದ್ದ ಕೃಷ್ಣಪ್ಪನಾಯಕನು 1792ರಲ್ಲಿ ಮರಾಠರ ಪರಶುರಾಮಭಾವುವಿನ ದಂಡನ್ನು ಕೂಡಿಕೊಂಡನು. ಸಂಧಿಯಾದೊಡನೆ ಟೀಪುವಿನ ಕೋಪಕ್ಕೆ ಹೆದರಿ ಕೊಡಗಿಗೆ ಓಡಿಹೋದನು. ಆ ಟೀಪುವೇ ಅವನನ್ನು ಮರಳಿ ಬರಹೇಳಿದನು. ಹಗೆಯ ಈ ಕರೆಯನ್ನು ನಂಬಬಹುದಾಗಿತ್ತೆ? ನಾಯಕನು ನಂಬಿ ಬಂದನು. ಪ್ರಾಣವುಳಿಯಿತು, 5000 ವರಹ ಹುಟ್ಟುವಳಿಯ ಐಗೂರು ಸೀಮೆಯೂ ದೊರೆಯಿತು. ಮಿಕ್ಕ ನಾಡೆಲ್ಲ ಶ್ರೀರಂಗಪಟ್ಟಣಕ್ಕೆ ಸೇರಿಹೋಯಿತು.

ಇದನ್ನು ಔದಾರ್ಯವೆನ್ನುವುದು ಕಷ್ಟ. ಅರ್ಧರಾಜ್ಯವನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಒಂಟಿಯಾಗಿದ್ದ ಸುಲ್ತಾನನಿಗೆ ಮಂಗಳೂರಿಗಿಳಿಯುವ ಘಟ್ಟದ ದಾರಿಯಲ್ಲಿ ಶಾಂತಿ ಬೇಕಾಗಿದ್ದಿತು. ಆ ಅಗತ್ಯವೇ ಅವನ ಮಾತಿಗೆ ಹೊಣೆ. ಆದರೂ ಗುಡ್ಡದ ಮೇಲೆ ಅವನ ಎಂಟು ಮೂಲೆಯ ಮಂಜರಾಬಾದು ಕೋಟೆಯು ಕಾವಲಿದ್ದೇ ಇದ್ದಿತು!

1799ರಲ್ಲಿ ಟೀಪು ಮಡಿದ ಮೇಲೆ ಕೃಷ್ಣಪ್ಪನ ಮಗ ವೆಂಕಟಾದ್ರಿನಾಯಕನು ಸ್ವತಂತ್ರನಾಗಿರಲು ಹವಣಿಸಿ ಅರಕೆರೆಯ ಕಾಡನ್ನು ನೆಚ್ಚಿದನು. ಆರ್ಥರ್ ವೆಲ್ಲೆಸ್ಲಿಯ ಸೈನ್ಯವು 1802ರಲ್ಲಿ ಅದನ್ನು ಮುರಿದು ಅವನನ್ನು ಗಲ್ಲಿಗೇರಿಸಿತು.