ಗದ್ದೆಗಳ ನಡುವಿನ ಹಳೇ ರಾಜಧಾನಿ

ಮೈಸೂರಿನಿಂದ ಹೊರಡುವ ಪ್ರವಾಸಿ ವ್ಯಾನುಗಳು ಶ್ರೀರಂಗಪಟ್ಟಣಕ್ಕೆ ಕೊಡುವುದು ಹೆಚ್ಚೆಂದರೆ ಎರಡೂವರೆ ಗಂಟೆ. ರಂಗನಾಥನ ದರ್ಶನ, ಟಿಪ್ಪು ಬಿದ್ದ ಜಾಗದಲ್ಲಿ ಒಂದು ಫೋಟೋ, ನೆಲಮಟ್ಟದ ಕೆಳಗಿರುವ ಬಂದೀಖಾನೆ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಕಾಲು ತೊಳೆದದ್ದು. ಅಲ್ಲಿಗೆ ಊರು ಮುಗಿಯಿತು. ಸಂಜೆಯ ಹೊತ್ತಿಗೆ ಬೃಂದಾವನದ ಕಾರಂಜಿಯ ಮುಂದೆ ಇರಬೇಕಲ್ಲ!

ನಾನೂ ಮೊದಲ ಸಲ ಈ ಊರನ್ನು ನೋಡಿದ್ದು ಹಾಗೆಯೇ, ಏಳನೇ ತರಗತಿಯ ಶಾಲಾ ಪ್ರವಾಸದಲ್ಲಿ. ನೆನಪಿನಲ್ಲಿ ಉಳಿದದ್ದು ದರಿಯಾ ದೌಲತ್ತಿನ ಹುಲ್ಲಿನ ಮೇಲೆ ತಿಂದ ಪುಳಿಯೋಗರೆ ಮತ್ತು ಸಂಗಮದಲ್ಲಿ ನದಿಪಾಲಾದ ಗೆಳೆಯನ ಚಪ್ಪಲಿ. ಊರಿನ ನಿಜವಾದ ಪರಿಚಯ ಆದದ್ದು ಎಷ್ಟೋ ವರ್ಷಗಳ ನಂತರ. ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ ಮೈಸೂರಿನಲ್ಲಿ ರೂಮು ಮಾಡುವ ಶಕ್ತಿ ಇರಲಿಲ್ಲ. ಕೋಟೆಯೊಳಗೆ ಇದ್ದ ಸೋದರಮಾವನ ಮನೆಯಲ್ಲಿ ಉಳಿದು ದಿನಾ ರೈಲಿನಲ್ಲಿ ಓಡಾಡಿದೆ. ಮಾವನಿಗೆ ಗಂಜಾಂ ಕಡೆ ಒಂದೂವರೆ ಎಕರೆ ಗದ್ದೆ. ಭಾನುವಾರ ನಾನು ಕೋಟೆಗೋಡೆಯ ಮೇಲೆ ಕುಳಿತು ಏನೋ ಬರೆದುಕೊಳ್ಳುತ್ತಿದ್ದರೆ ಗುದ್ದಲಿ ಹೆಗಲಿಗಿಟ್ಟು ಬರುತ್ತಿದ್ದ ಮಾವ ನಗುತ್ತಿದ್ದರು. 'ಬಂದೋರೆಲ್ಲಾ ಗೋಡೆ ನೋಡ್ಕಂಡು ಹೋಯ್ತರೆ ಅಳಿಯಾ. ಈ ಗೋಡೆ ಒಳಗಿದ್ದೋರಿಗೆ ಅನ್ನ ಎಲ್ಲಿಂದ ಬತ್ತಿತ್ತು ಅಂತ ಒಬ್ಬನೂ ಕೇಳಲ್ಲ' ಎನ್ನುತ್ತಿದ್ದರು.

ಆಗ ಅದನ್ನು ತಮಾಷೆ ಎಂದುಕೊಂಡಿದ್ದೆ. ಆಮೇಲೆ ಈ ಊರಿನ ಚರಿತ್ರೆ ಓದುತ್ತ ಹೋದ ಹಾಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಅನಿಸಿತು. ಶ್ರೀರಂಗಪಟ್ಟಣ 1610ರಿಂದ 1799ರವರೆಗೆ ರಾಜಧಾನಿಯಾಗಿ ಉಳಿದದ್ದೂ, ಎರಡು ಮುತ್ತಿಗೆಗಳಲ್ಲಿ ಅದರ ಗತಿ ಎರಡು ಬಗೆಯಾದದ್ದೂ ಗೋಡೆಯ ದಪ್ಪದಿಂದ ಮಾತ್ರ ಅಲ್ಲ. ಸುತ್ತಲಿನ ಹೊಲಗದ್ದೆ ಮತ್ತು ನದಿಯ ನೀರಿಗೂ ಅದರಲ್ಲಿ ದೊಡ್ಡ ಪಾಲಿದೆ.

ಮೊದಲು ನೀರಿನ ವಿಷಯ. ಕೋಟೆಯ ಪಶ್ಚಿಮಕ್ಕೆ ಕಾವೇರಿ ಎರಡು ಕವಲಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಕೆಳಗೆ ಸಂಗಮದಲ್ಲಿ ಮತ್ತೆ ಕೂಡುತ್ತದೆ. ನಡುವಿನ ದ್ವೀಪವೇ ಊರು. ಸುತ್ತ ನೀರಿದ್ದ ಮೇಲೆ ಬೇಸಾಯಕ್ಕೇನು ಚಿಂತೆ ಎಂದು ಕೇಳಬಹುದು. ಆದರೆ ನದಿ ತಗ್ಗಿನಲ್ಲಿ, ನೆಲ ದಿಬ್ಬದಲ್ಲಿ. ಪಂಪ್‌ಸೆಟ್ ಇಲ್ಲದ ಕಾಲದಲ್ಲಿ ಕಣ್ಣೆದುರಿನ ನೀರು ಗದ್ದೆಗೆ ಹತ್ತುವುದು ಹೇಗೆ? ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಸರಳ. ನದಿಯಲ್ಲಿ ಸಾಕಷ್ಟು ಮೇಲೆ ಹೋಗಿ ಕಲ್ಲಿನ ಅಣೆ ಹಾಕುವುದು, ಅಲ್ಲಿಂದ ನದಿಗಿಂತ ನಿಧಾನವಾಗಿ ಇಳಿಯುವ ನಾಲೆ ತೆಗೆಯುವುದು. ನಾಲೆ ಊರು ಮುಟ್ಟುವಷ್ಟರಲ್ಲಿ ನದಿ ಕೆಳಗೆ ಉಳಿದಿರುತ್ತದೆ, ನಾಲೆಯ ನೀರು ಗದ್ದೆಯ ತಲೆಯ ಮೇಲಿರುತ್ತದೆ.

ದ್ವೀಪಕ್ಕೆ ಇಷ್ಟು ಸಾಲದು. ನಾಲೆ ನದಿಯ ಒಂದು ಕವಲನ್ನು ದಾಟಬೇಕು. ಕಂಠೀರವ ನರಸರಾಜ ಒಡೆಯರ (1638-59) ಕಾಲದ ಬಂಗಾರದೊಡ್ಡಿ ನಾಲೆ ಮಾಡಿದ್ದು ಇದನ್ನೇ. ನದಿಯ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ, ಅದರ ಮೇಲೆ ನದಿಯದೇ ನೀರನ್ನು ದ್ವೀಪಕ್ಕೆ ದಾಟಿಸಿದರು. ಕೆಳಗೂ ಕಾವೇರಿ, ಮೇಲೂ ಕಾವೇರಿ! ಇದೇ ದೊರೆಯ ಕಾಲದಲ್ಲಿ, 1645-48ರ ನಡುವೆ, ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಎದ್ದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ದೋಣಿಯಲ್ಲಿ ಕುಳಿತು ಕೊಕ್ಕರೆ ನೋಡುವವರು ಒಂದರ್ಥದಲ್ಲಿ ಹಳೆಯ ಅಣೆಕಟ್ಟೆಯ ಉಪಫಲವನ್ನು ನೋಡುತ್ತಿರುತ್ತಾರೆ. ಮುಂದೆ ಚಿಕ್ಕದೇವರಾಜ ಒಡೆಯರು (1673-1704) ತೆಗೆಸಿದ ನಾಲೆ ಅವರ ಹೆಸರಿನಲ್ಲೇ ಇದೆ. ರೈತರ ಬಾಯಲ್ಲಿ ಅದು 'ಸಿಡಿಎಸ್'. ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ ಶತಮಾನಗಳಷ್ಟು ಹಳೆಯವು, ಈಗಲೂ ನೀರು ಹರಿಸುತ್ತಿವೆ. ಇವನ್ನು ತೋರಿಸುವ ಗೈಡು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

ರಾಜಧಾನಿಗೆ ಎಷ್ಟು ಅನ್ನ ಬೇಕಾಗಿತ್ತು? ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ ಇದ್ದಿರಬೇಕೆಂದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದ. ತಲೆಗೆ ದಿನಕ್ಕೆ ಅರ್ಧ ಕೆ.ಜಿ. ಧಾನ್ಯವೆಂದರೂ 75 ಟನ್ ಆಯಿತು. ಎತ್ತಿನ ಗಾಡಿಗೆ ಮುಕ್ಕಾಲು ಟನ್ ಹೇರಿದರೆ ದಿನಕ್ಕೆ ನೂರು ಗಾಡಿ ಬಾಗಿಲು ದಾಟಿ ಒಳಗೆ ಬರಬೇಕು. ಕುದುರೆ, ಆನೆ, ಫಿರಂಗಿ ಎಳೆಯುವ ಎತ್ತುಗಳ ಮೇವು ಬೇರೆ. ಇದು ನನ್ನ ಸ್ಥೂಲ ಲೆಕ್ಕ, ನಿಜ. ಆದರೆ ಕೋಟೆಯೊಂದು ತನ್ನ ಸುತ್ತಲಿನ ಹೊಲಗಳಿಗೆ ಎಷ್ಟು ಬಿಗಿಯಾಗಿ ಕಟ್ಟಿಹಾಕಿಕೊಂಡಿರುತ್ತದೆ ಎಂದು ತಿಳಿಯಲು ಇಷ್ಟು ಸಾಕು.

ಕೋಟೆಗೆ ಮುತ್ತಿಗೆ ಹಾಕುವವನಿಗೂ ಹೊಟ್ಟೆಯಿದೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಗೆದ್ದುಕೊಂಡು ಶ್ರೀರಂಗಪಟ್ಟಣದ ಹತ್ತಿರ ಬಂದ. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನದೇ ಮೇಲುಗೈ. ಕೋಟೆ ಕಣ್ಣಿಗೆ ಕಾಣುತ್ತಿತ್ತು. ಆದರೆ ದಾರಿಯುದ್ದಕ್ಕೂ ಟಿಪ್ಪುವಿನ ಕಡೆಯವರು ಕಾಳು, ಮೇವು ಉಳಿಸದೆ ಬರಿದು ಮಾಡಿದ್ದರು. ಜೊತೆಗೆ ಮಳೆ ಹಿಡಿಯಿತು. ಭಾರಿ ಫಿರಂಗಿಗಳನ್ನು ಎಳೆಯಬೇಕಾಗಿದ್ದ ಎತ್ತುಗಳು ಮೇವಿಲ್ಲದೆ ಸಾವಿರಗಟ್ಟಲೆ ಸತ್ತವು. ಸೈನಿಕರೇ ಹಗ್ಗ ಹಿಡಿದು ಫಿರಂಗಿ ಎಳೆದರು. ಕೊನೆಗೆ ಕನ್ನಂಬಾಡಿಯ ಹತ್ತಿರ ಆ ಫಿರಂಗಿಗಳನ್ನು ತಾನೇ ನಾಶ ಮಾಡಿಸಿ ಕಾರ್ನ್‌ವಾಲಿಸ್ ಹಿಂದೆ ತಿರುಗಿದ. ವಿಚಿತ್ರವೆಂದರೆ, ಹಾಗೆ ತಿರುಗಿದ ಸ್ವಲ್ಪದರಲ್ಲೇ ದವಸಧಾನ್ಯದೊಂದಿಗೆ ಮರಾಠರ ಸೈನ್ಯ ಎದುರಾಯಿತು. ಟಿಪ್ಪುವಿನ ಸವಾರರು ದಾರಿ ಕಾದು ಸುದ್ದಿಯನ್ನೇ ಮುಟ್ಟಗೊಡದ ಕಾರಣ, ಅವರು ಇಷ್ಟು ಹತ್ತಿರ ಇದ್ದಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ಒಂದು ಗುಂಡೂ ತಾಗದೆ ಶ್ರೀರಂಗಪಟ್ಟಣ ಆ ಸಲ ಉಳಿಯಿತು. ಹಾಗೆ ಬರಿದು ಮಾಡಿದ ಹೊಲ ಯಾರದು, ಆ ವರ್ಷ ಅವರು ಏನು ಉಂಡರು ಎಂಬುದನ್ನು ಎರಡೂ ಕಡೆಯವರು ಬರೆದಿಡುವ ಗೋಜಿಗೆ ಹೆಚ್ಚು ಹೋದಂತಿಲ್ಲ.

ಈ ಪಾಠವನ್ನು ಇಂಗ್ಲಿಷರು ಮರೆಯಲಿಲ್ಲ. 1792ರ ಫೆಬ್ರವರಿಯಲ್ಲಿ ಮರಳಿ ಬಂದಾಗ ಸರಬರಾಜಿನ ಏರ್ಪಾಟು ಗಟ್ಟಿಯಾಗಿತ್ತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸ್ ಧಾನ್ಯ ಹೊತ್ತ ಎತ್ತುಗಳ ದೊಡ್ಡ ಹಿಂಡನ್ನೇ ಹಿಂದಿಟ್ಟುಕೊಂಡು ಬಂದ. ಆದರೂ ಏಪ್ರಿಲ್ ನಡುವಿಗೆ ಎಣಿಸಿ ನೋಡಿದರೆ ಉಳಿದ ಅಕ್ಕಿ ಕೆಲವೇ ದಿನಗಳಿಗಾಗುವಷ್ಟು! ಇನ್ನೊಂದು ಕಡೆ ಕಾವೇರಿಯ ಭಯ. ಮುಂಗಾರು ಹಿಡಿದು ಹೊಳೆ ತುಂಬಿದರೆ ಮುತ್ತಿಗೆಯೇ ನಿಲ್ಲುತ್ತಿತ್ತು. ಹೀಗಾಗಿ ಆತುರ. ಮೇ 4ರ ಮಧ್ಯಾಹ್ನ, ಬೇಸಿಗೆಯಲ್ಲಿ ಬತ್ತಿ ಬಂಡೆ ಎದ್ದಿದ್ದ ಕವಲನ್ನು ಕೆಲವೇ ನಿಮಿಷಗಳಲ್ಲಿ ದಾಟಿ, ಪಶ್ಚಿಮದ ಗೋಡೆಯ ಒಡಕಿನಿಂದ ಅವರು ಒಳನುಗ್ಗಿದರು. ಜೂನ್ ತನಕ ಕೋಟೆ ತಡೆದು ನಿಂತಿದ್ದರೆ ಏನಾಗುತ್ತಿತ್ತೋ ಹೇಳಬರುವುದಿಲ್ಲ. 'ಟಿಪ್ಪುವಿನ ಸೋಲಿಗೆ ಕಾರಣಗಳು' ಎಂಬ ಪ್ರಶ್ನೆಗೆ ಶಾಲೆಯಲ್ಲಿ ನಾವು ಬರೆದ ಉತ್ತರದಲ್ಲಿ ಮೀರ್ ಸಾದಿಕ್ ಇದ್ದ. ಅಕ್ಕಿ, ಮೇವು, ಹೊಳೆ ಇರಲಿಲ್ಲ.

ಮರುವರ್ಷ ಬಂದ ಬುಕಾನನ್‌ನನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದು ಕೋಟೆ ನೋಡಲಿಕ್ಕಲ್ಲ, ಹೊಸದಾಗಿ ಕೈವಶವಾದ ಸೀಮೆಯ ಬೇಸಾಯ, ಕಸುಬು, ವ್ಯಾಪಾರಗಳನ್ನು ಬರೆದುಕೊಂಡು ಬರಲಿಕ್ಕೆ. ವೈದ್ಯನಾಗಿದ್ದ ಈತ ಪಟ್ಟಣದ ಸುತ್ತಲಿನ ನೀರಾವರಿ ಗದ್ದೆಗಳಲ್ಲಿ ಅಡ್ಡಾಡಿ ಹೈನು ಬೆಳೆ ಯಾವುದು, ಕಾರು ಬೆಳೆ ಯಾವುದು ಎಂಬುದನ್ನೂ ಬಿಡದೆ ದಾಖಲಿಸಿದ. ಆತ ಬರುವ ಹೊತ್ತಿಗೆ ಜನಸಂಖ್ಯೆ ಸುಮಾರು 32 ಸಾವಿರಕ್ಕೆ ಇಳಿದಿತ್ತು. ಅರಸೊತ್ತಿಗೆ ಮೈಸೂರಿಗೆ ಹೋಯಿತು. ಅದನ್ನು ನಂಬಿದ್ದ ಸಿಪಾಯಿ, ಅಕ್ಕಸಾಲಿಗ, ನೇಕಾರ, ಗುಮಾಸ್ತ ಎಲ್ಲರೂ ಹಿಂದೆಯೇ ಹೊರಟರು.

ಉಳಿದವರನ್ನು ಓಡಿಸಿದ್ದು ಚಳಿಜ್ವರ. ಇಂಗ್ಲಿಷರು ಇಲ್ಲಿ ದಂಡು ಇಟ್ಟಿದ್ದರು. ಸೈನಿಕರು ಜ್ವರದಿಂದ ಸಾಯತೊಡಗಿದರು. ನದಿ ದಡದ ಹಳೆಯ ಗೋರಿಗಳ ತೋಟಕ್ಕೆ ಹೋದರೆ ಎಷ್ಟು ಎಳೆಯ ವಯಸ್ಸಿನವರು ಇಲ್ಲಿ ಮಣ್ಣಾದರೆಂದು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಅಲ್ಲಿದ್ದಾರೆ. ದೋಷ 'ಕೆಟ್ಟ ಗಾಳಿ'ಯದೆಂದು ಆಗಿನ ವೈದ್ಯರ ನಂಬಿಕೆ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಕೋಟೆಯನ್ನು ಕಾಯಲೆಂದು ತೋಡಿದ ಕಂದಕ, ಹೊಟ್ಟೆ ತುಂಬಿಸಲೆಂದು ತಂದ ನಾಲೆ, ಎರಡರಲ್ಲೂ ನಿಂತ ನೀರು ಎಷ್ಟು ಸೊಳ್ಳೆ ಸಾಕಿತೋ! 1809ರ ಸುಮಾರಿಗೆ ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರಿನ ಕಂಟೋನ್ಮೆಂಟ್ ಬೆಳೆದದ್ದು ಹಾಗೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಇಂಗ್ಲಿಷರು ಬೆಂಗಳೂರಿನ ದಂಡು ಪ್ರದೇಶವನ್ನು ಇಟ್ಟುಕೊಂಡು, ಅದಕ್ಕೆ ಬದಲಾಗಿ ಬಿಟ್ಟುಕೊಟ್ಟದ್ದು ಈ ದ್ವೀಪವನ್ನೇ. ಆ ವಿನಿಮಯದಲ್ಲಿ ಯಾರಿಗೆ ಲಾಭವಾಯಿತೆಂದು ಬೆಂಗಳೂರಿನ ನಿವೇಶನದ ಬೆಲೆ ಬಲ್ಲವರು ಹೇಳಲಿ.

ಖಾಲಿಯಾದ ಊರಿನ ಸಾಮಾನುಗಳೂ ಚದುರಿದವು. ಟಿಪ್ಪುವಿನ ಲಾಲ್‌ಬಾಗ್ ಅರಮನೆಯ ಮರದ ತೊಲೆಗಳು ಬೆಟ್ಟ ಹತ್ತಿ, 1830ರ ಸುಮಾರಿಗೆ ಊಟಿಯಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತವು. 1901ರ ಜನಗಣತಿಯಲ್ಲಿ ಪಟ್ಟಣದ ಜನ 8,584. ಲಕ್ಷ ದಾಟಿದ್ದ ರಾಜಧಾನಿ ನೂರು ವರ್ಷದಲ್ಲಿ ಒಂದು ದೊಡ್ಡ ಹಳ್ಳಿಯಾಗಿತ್ತು. ಅರಮನೆ ಇದ್ದ ಕಡೆ ಬಯಲಾಯಿತು, ದ್ವೀಪದ ತುಂಬ ಬೇಸಾಯ ಉಳಿಯಿತು. ನಾಲೆಗೆ ಅರಸು ಯಾರಾದರೇನು? ಅಣೆ ಇರುವ ತನಕ ಅದು ಹರಿಯುತ್ತಲೇ ಇತ್ತು.

ಈಗ ಈ ಊರಿನಲ್ಲಿ ಬದುಕುವುದೆಂದರೆ ಸ್ಮಾರಕದೊಳಗೆ ಸಂಸಾರ ಮಾಡಿದ ಹಾಗೆ. ಬೆಳಿಗ್ಗೆ ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ಕೋಟೆಯನ್ನು ಸೀಳಿಕೊಂಡು ಹೋಗುವ ರೈಲಿನ ಸದ್ದು. ಈ ರೈಲು ದಾರಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅದನ್ನು ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ 2017ರಲ್ಲಿ ಸರಿಸಿದರು. ಆ ಕೆಲಸ ನಿಜಕ್ಕೂ ಮೆಚ್ಚುವಂಥದು.

ಮನೆಗಳ ವಿಷಯದಲ್ಲಿ ಇಷ್ಟು ಚುರುಕು ಕಾಣೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ. ಹೆಜ್ಜೆ ಹೆಜ್ಜೆಗೂ ಸ್ಮಾರಕ ಇರುವ ಊರಿನಲ್ಲಿ ಇದರ ಅರ್ಥ ಏನೆಂದು ನನಗೆ ತಿಳಿದದ್ದು ನಮ್ಮ ಮಾವನ ಮನೆಯ ಹಿತ್ತಿಲ ಗೋಡೆ ಒಂದು ಮಳೆಗಾಲದಲ್ಲಿ ಕುಸಿದಾಗ. ಅರ್ಜಿ ಕೊಟ್ಟು, ನಕ್ಷೆ ಕೊಟ್ಟು, ಫೋಟೋ ಕೊಟ್ಟು, ನಾನಿದ್ದಷ್ಟು ದಿನವೂ ಅಲ್ಲಿ ನಿಂತದ್ದು ಟಾರ್ಪಾಲು. 'ಅವರ ಕೋಟೆ ಬಿದ್ದು ಇನ್ನೂರು ವರ್ಷ ಆದ್ರೂ ಕಾಯ್ತರೆ, ನಮ್ ಗೋಡೆ ಮೊನ್ನೆ ಬಿದ್ದದ್ದು, ಅದನ್ನ ಕೇಳೋರಿಲ್ಲ' ಎಂದು ಅತ್ತೆ ಸಿಡುಕುತ್ತಿದ್ದರು. ಕಾಯ್ದೆ ಬೇಡವೆನ್ನಲಾರೆ. ಅದಿಲ್ಲದಿದ್ದರೆ ಕೋಟೆಯ ಕಲ್ಲುಗಳು ಎಂದೋ ಯಾರ್ಯಾರದೋ ಮನೆಯ ತಳಪಾಯ ಸೇರುತ್ತಿದ್ದವು. ಆದರೆ ಸ್ಮಾರಕದ ಪಕ್ಕದಲ್ಲಿ ಬದುಕುವವರನ್ನು ಸ್ಮಾರಕದ ಶತ್ರುಗಳಂತೆ ಕಾಣುವುದು ನ್ಯಾಯವಲ್ಲ. ಆಶ್ಚರ್ಯವೆಂದರೆ, ಕೋಟೆಗೆ ಇರುವ ಈ ಕಾವಲು ಕೋಟೆಯನ್ನು ಸಾಕಿದ ಗದ್ದೆಗಳಿಗೆ ಇಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಗದ್ದೆಬಯಲಿನ ಮೇಲೆ ಹಾದುಹೋಗಿದೆ. ಹಳೆ ರಸ್ತೆಯಲ್ಲಿ ಹೋಗುವವರು ಊರೊಳಗೆ ಇಳಿದು ಕಾಫಿಯನ್ನಾದರೂ ಕುಡಿಯುತ್ತಿದ್ದರು.

ಅದೇ 2023ರಲ್ಲಿ ಮಳೆ ಕೈಕೊಟ್ಟು 124.80 ಅಡಿಯ ಕೆಆರ್‌ಎಸ್ ತುಂಬಲಿಲ್ಲ. ಮಂಡ್ಯ ಜಿಲ್ಲೆ ಬೀದಿಗಿಳಿಯಿತು. ಪ್ರವಾಸಿಗರಿಗೆ ಆ ವರ್ಷ ಕೋಟೆ ಎಂದಿನಂತೆಯೇ ಕಂಡಿರಬೇಕು. ಮಾವ ಭತ್ತ ಹಾಕಲಿಲ್ಲ. ಮರುವರ್ಷ ಜುಲೈನಲ್ಲಿ ಅಣೆಕಟ್ಟೆ ತುಂಬಿತು. ಆ ಆಗಸ್ಟಿನಲ್ಲಿ ನಾನು ಒಂದು ರಾತ್ರಿಯ ಮಟ್ಟಿಗೆ ಹೋಗಿದ್ದೆ. ಊಟ ಮುಗಿಸಿ ಕೂತಿದ್ದಾಗ ನೀರುಗಂಟಿಯ ಕರೆ ಬಂತು. ನಮ್ಮ ಗದ್ದೆಯ ಸರದಿ ಹನ್ನೊಂದಕ್ಕೆ. ಮಾವನ ಸ್ಕೂಟರಿನ ಹಿಂದೆ ಕುಳಿತೆ. ಬೀಗ ಹಾಕಿದ್ದ ದರಿಯಾ ದೌಲತ್ ದಾಟಿ ಗಂಜಾಂ ಕಡೆ ತಿರುಗಿದೆವು. ಮಾವ ತೂಬಿನ ಬಾಯಿಗಿಟ್ಟಿದ್ದ ಮಣ್ಣಿನ ಹೆಂಟೆ ತೆಗೆದರು. ನೀರು ಮೊದಲು ಸದ್ದು ಮಾಡಿ, ಆಮೇಲೆ ಕತ್ತಲಲ್ಲಿ ಸುಮ್ಮನೆ ಪೈರಿನ ಬುಡಕ್ಕೆ ಹಬ್ಬಿತು. 'ಬ್ಯಾಟ್ರಿ ಇತ್ತ ಬಿಡು ಅಳಿಯಾ, ಆ ಬದ ಸೋರ್ತದಾ ನೋಡು' ಎಂದರು.