ಮರಳಿನ ಮೇಲಿನ ಅಕ್ಷರ

ನಮ್ಮ ಜಗಲಿಶಾಲೆಗಳ ಪದ್ಧತಿಯೊಂದು ಸಮುದ್ರವನ್ನು ದಾಟಿ ಇಂಗ್ಲೆಂಡನ್ನು ಸೇರಿದ ವೃತ್ತಾಂತವು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಮನನಯೋಗ್ಯವಾದುದು.

ಕನ್ನಡನಾಡಿನ ಕೂಲಿಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರಷ್ಟೆ. ಕೈ ಕುದುರಿದ ಮೇಲೆ, ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದ ಬಟ್ಟೆಯ ಕಡತ. ಅದರ ಮೇಲೆ ಬರೆಯಲು ಬಳಪ. ಕಾಗದವು ದುಬಾರಿಯಾಗಿದ್ದ ಕಾಲದಲ್ಲಿ ಬಡವನ ಕೈಗೂ ಎಟುಕುತ್ತಿದ್ದ ಸಾಧನಗಳಿವು.

1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಇಂಥ ದೇಶೀಯ ಶಾಲೆಯೊಂದನ್ನು ಕಂಡು, ಮರಳಿನ ಬರಹವನ್ನು ತಮ್ಮಲ್ಲಿಯೂ ತರಬಯಸಿದರು. ಅಲ್ಲಿನ ಉಪಾಧ್ಯಾಯರು ಅದಕ್ಕೆ ಒಪ್ಪಲಿಲ್ಲ. ಬೆಲ್‌ರವರು ಎಂಟು ವರ್ಷದ ಬಾಲಕನೊಬ್ಬನಿಗೆ ಆ ಕಾರ್ಯವನ್ನು ವಹಿಸಿದರು, ಕಾರ್ಯ ಕೈಗೂಡಿತು. ಬಾಲಕನೇ ಬಾಲಕನಿಗೆ ಕಲಿಸುವ ‘ಮದರಾಸು ಪದ್ಧತಿ’ಯು ಹುಟ್ಟಿದ್ದು ಹೀಗೆ. 1797ರಲ್ಲಿ ಅದರ ವಿವರವು ಲಂಡನ್ನಿನಲ್ಲಿ ಅಚ್ಚಾಯಿತು. ಮುಂದೆ ಅಲ್ಲಿನ ಬಡ ಮಕ್ಕಳ ಶಾಲೆಗಳಲ್ಲೆಲ್ಲ ಆ ಪದ್ಧತಿಯು ಹರಡಿತು.

ಆದರೆ ಒಬ್ಬ ಉಪಾಧ್ಯಾಯ, ನೂರಾರು ಮಕ್ಕಳು, ನಡುವೆ ಪುಟ್ಟ ಮಾನಿಟರುಗಳು ಎಂಬ ಈ ಏರ್ಪಾಟಿನಲ್ಲಿ ಓದುಬರಹವೂ ಕಂಠಪಾಠವೂ ಅಗ್ಗವಾಗಿ ದೊರೆತವು, ವಿಚಾರಶಕ್ತಿಯು ಬೆಳೆಯಲಿಲ್ಲ. 1846ರಲ್ಲಿ ಅಲ್ಲಿನ ಸರ್ಕಾರವು ವೇತನವಿತ್ತು ತರುಣರನ್ನು ಉಪಾಧ್ಯಾಯವೃತ್ತಿಗೆ ತರಬೇತುಗೊಳಿಸಲಾರಂಭಿಸಿತು. ಹಳೆಯ ಪದ್ಧತಿಯು ಕ್ರಮೇಣ ಹಿಂದೆ ಸರಿಯಿತು.

1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಗೋಪಾಲಸ್ವಾಮಿಯವರು ಸ್ವತಃ ಅಧ್ಯಾಪಕರಾಗಿದ್ದುದು ಇಲ್ಲಿ ಸ್ಮರಣೀಯ. ಸಾಧನವನ್ನು ದೂರವಿಟ್ಟ ಉಪಾಧ್ಯಾಯನನ್ನು ಎಂಟು ವರ್ಷದ ಬಾಲಕನೂ ಹಿಂದಿಕ್ಕಬಲ್ಲನು. ಸಾಧನವನ್ನೇ ಉಪಾಧ್ಯಾಯನೆಂದು ನಂಬಿದ ಶಾಲೆಯಾದರೋ ಅಕ್ಷರವನ್ನು ಕಲಿಸೀತು, ಅರ್ಥವನ್ನು ಕಲಿಸಲಾರದು.